ನಲವತ್ತಕ್ಕೆ ಒಂದು: ಮದಾಮ್ ಗ್ರೆ, ಅವರ ನೆರಿಗೆ, ಅವರ ಮನೆ

ಸೀರೆ ಉಡುವಾಗ ಮುಂದೆ ಹಿಡಿಯುವ ನೆರಿಗೆಗೆ ಒಮ್ಮೆ ಲೆಕ್ಕ ಹಾಕಿ ನೋಡಿ. ಸುಮಾರು 12 ಸೆಂ.ಮೀ. ಅಗಲದ ಏಳು ನೆರಿಗೆ ಹಿಡಿದಿರಿ ಎನ್ನೋಣ. ಒಂದೊಂದೂ ಹೋಗಿ ಬಂದು 24 ಸೆಂ.ಮೀ. ಬಟ್ಟೆ ನುಂಗುತ್ತದೆ. ಅಲ್ಲಿಗೆ 168 ಸೆಂ.ಮೀ. ಸೀರೆ ಹೊಕ್ಕಳ ಕೆಳಗೆ 12 ಸೆಂ.ಮೀ. ಜಾಗದಲ್ಲಿ ಅಡಗಿ ಕೂತಿತು. ಹದಿನಾಲ್ಕಕ್ಕೆ ಒಂದು. ರಾತ್ರಿ ಬಿಚ್ಚಿದರೆ ಮತ್ತೆ ಬಟ್ಟೆ ಬಟ್ಟೆಯೇ.

ಪ್ಯಾರಿಸ್ಸಿನ ರೂ ದ ಲಾ ಪೇ ಬೀದಿಯ 1ನೇ ನಂಬರಿನ ಮನೆಯಲ್ಲಿ 280 ಸೆಂ.ಮೀ. ಅಗಲದ ರೇಷ್ಮೆ ಜರ್ಸಿ ಎಂಬ ಹೆಣೆದ ಬಟ್ಟೆ 7 ಸೆಂ.ಮೀ.ಗೆ ಇಳಿಯುತ್ತಿತ್ತು. ನಲವತ್ತಕ್ಕೆ ಒಂದು. ಅದನ್ನು ಸೆರಗಿನಂತೆ ಸಿಕ್ಕಿಸುವುದಲ್ಲ, ಒಂದೊಂದು ನೆರಿಗೆಯನ್ನೂ ಕೈಯಲ್ಲಿ ಹೊಲಿದು ನಿಲ್ಲಿಸುವುದು. ಒಂದು ಉಡುಪಿಗೆ 300 ಗಂಟೆಯವರೆಗೂ ಕೆಲಸ ಹಿಡಿಯುತ್ತಿತ್ತು. ಒಬ್ಬಳೇ ದಿನಕ್ಕೆ ಎಂಟು ಗಂಟೆಯಂತೆ ಕೂತರೆ ಮೂವತ್ತೇಳೂವರೆ ದಿನ. ಈ ನೆರಿಗೆಗೆ ಅಲ್ಲಿನವರು ಆ ಮನೆಯೊಡತಿಯ ಹೆಸರನ್ನೇ ಇಟ್ಟರು, ಗ್ರೆ ನೆರಿಗೆ ಎಂದು.

ಎರಡನೇ ಮಹಾಯುದ್ಧ ಮುಗಿದ ಪ್ಯಾರಿಸ್ಸಿನಲ್ಲಿ ಒಬ್ಬ ಹೆಂಗಸು ದೊಡ್ಡ ಫ್ಯಾಷನ್ ಮನೆಯನ್ನು (ಉಡುಪು ವಿನ್ಯಾಸ ಮಾಡಿ, ಹೊಲಿದು ಮಾರುವ ಸಂಸ್ಥೆಯನ್ನು) ನಡೆಸುವುದೆಂದರೆ ಏನು ಎಂದು ತಿಳಿಯಬೇಕಾದರೆ ಈ ನೆರಿಗೆಯಿಂದಲೇ ಶುರು ಮಾಡುವುದು ಒಳ್ಳೆಯದು. ಆ ಮನೆ ಎದ್ದದ್ದು ಇದರಿಂದ. ಬಿದ್ದದ್ದೂ ಬಹುಪಾಲು ಇದರಿಂದಲೇ.

ಹೆಸರು ಮೂರು, ಹೆಂಗಸು ಒಬ್ಬರೇ

ಜೆರ್ಮೇನ್ ಎಮಿಲಿ ಕ್ರೆಬ್ಸ್ ಹುಟ್ಟಿದ್ದು 1903ರಲ್ಲಿ, ಪ್ಯಾರಿಸ್ಸಿನಲ್ಲಿ. ಆಗಬೇಕೆಂದಿದ್ದು ಶಿಲ್ಪಿ, ಮನೆಯವರು ಒಪ್ಪಲಿಲ್ಲ. ಪ್ರೆಮೆ ಎಂಬ ಉಡುಪಿನ ಮನೆಯಲ್ಲಿ ಕೆಲವೇ ತಿಂಗಳು ಕತ್ತರಿಸುವುದನ್ನು ಕಲಿತರು. ಆಮೇಲೆ ತ್ವಾಲ್ ತಯಾರಿಸಿ ಮಾರಿದರು. ತ್ವಾಲ್ ಎಂದರೆ ಕೋರಾ ಬಟ್ಟೆಯಲ್ಲಿ ಹೊಲಿದ ಕಚ್ಚಾ ಮಾದರಿ. ಅದನ್ನು ಕೊಂಡವರು ಅದರ ಅಳತೆ ನೋಡಿ ತಮ್ಮ ಬಟ್ಟೆಯಲ್ಲಿ ಹೊಲಿಸಿಕೊಳ್ಳಬಹುದು. 1934ರಲ್ಲಿ ಫೋಬೂರ್ ಸೇಂತೊನೊರೆ ಬೀದಿಯಲ್ಲಿ ತೆರೆದ ಮನೆಗೆ ‘ಅಲಿಕ್ಸ್’ ಎಂದು ಹೆಸರು. ಅಲ್ಲಿ ಅವರು ಮಾಡುತ್ತಿದ್ದ ಇಳಿಬಿದ್ದ ಬಿಳಿ ಉಡುಪುಗಳು ಗ್ರೀಕ್ ಶಿಲ್ಪದಂತಿವೆ ಎಂದು ಪತ್ರಿಕೆಗಳು ಬರೆದವು. ಆ ಮಾತು ಕೊನೆವರೆಗೂ ಅವರನ್ನು ಬಿಡಲಿಲ್ಲ. ನಮಗೆ ಕೇಳಿದರೆ ಅದು ಅರ್ಧ ಸುಳ್ಳು. ಗ್ರೀಕರ ಉಡುಪು ಹೊಲಿಗೆಯ ಹಂಗಿಲ್ಲದ ಬಟ್ಟೆ, ಪಿನ್ನು ತೆಗೆದರೆ ಕೆಳಗೆ ಬೀಳುತ್ತದೆ. ಗ್ರೆ ಉಡುಪಿನ ಪಿನ್ನು ತೆಗೆಯಲು ಪಿನ್ನೇ ಇಲ್ಲ, ಒಳಗೆ ಸಾವಿರಾರು ಹೊಲಿಗೆಗಳಿವೆ.

1937ರಲ್ಲಿ ಸೆರ್ಜ್ ಚೆರೆಫ್ಕೋವ್ ಎಂಬ ರಷ್ಯನ್ ಚಿತ್ರಕಾರನನ್ನು ಮದುವೆಯಾದರು. ಒಬ್ಬ ಮಗಳು ಹುಟ್ಟಿದಳು. ಗಂಡ ತಾಹಿತಿ ದ್ವೀಪಕ್ಕೆ ಹೊರಟುಹೋದ. ಅವನ ಹೆಸರು ಮಾತ್ರ ಉಳಿಯಿತು. ಸೆರ್ಜ್ ಎಂಬುದನ್ನು ಫ್ರೆಂಚ್ ಲಿಪಿಯಲ್ಲಿ ಹಿಂದಿನಿಂದ ಓದಿ, ಮೊದಲು ಸಿಗುವ ಅಕ್ಷರ ಬಿಟ್ಟರೆ ‘ಗ್ರೆ’ ಆಗುತ್ತದೆ. (ಕೊನೆಯಲ್ಲೊಂದು ಸಕಾರ ಬರೆಯುತ್ತಾರೆ, ಉಚ್ಚರಿಸುವುದಿಲ್ಲ.) ಅಲಿಕ್ಸ್ ಮನೆಯ ಪಾಲನ್ನು ಬಿಟ್ಟುಕೊಟ್ಟ ಮೇಲೆ ಆ ಹೆಸರನ್ನು ವ್ಯಾಪಾರಕ್ಕೆ ಬಳಸುವ ಹಕ್ಕು ಇವರಿಗಿರಲಿಲ್ಲ. ಹಾಗಾಗಿ 1942ರಲ್ಲಿ ರೂ ದ ಲಾ ಪೇಯಲ್ಲಿ ಹೊಸ ಮನೆ ತೆರೆದಾಗ ಬಾಗಿಲ ಮೇಲೆ ‘ಗ್ರೆ’ ಎಂದು ಬರೆಸಿದರು. ಹೆಸರು ಒಬ್ಬರ ಸ್ವತ್ತು, ಕೈಕಸುಬು ಇನ್ನೊಬ್ಬರದ್ದು ಆಗಬಹುದು ಎಂಬುದು ಅವರಿಗೆ ಮೊದಲೇ ಒಮ್ಮೆ ಅನುಭವವಾಗಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ನಲವತ್ತೈದು ವರ್ಷದ ಮೇಲೆ ಇದೇ ಇನ್ನೊಮ್ಮೆ ಬರುತ್ತದೆ.

ಮೀಟರ್ ಲೆಕ್ಕದ ಯುದ್ಧ

1940ರ ಜೂನ್‌ನಲ್ಲಿ ಜರ್ಮನ್ ಸೇನೆ ಪ್ಯಾರಿಸ್ಸಿಗೆ ಬಂತು. ಪ್ಯಾರಿಸ್ಸಿನ ಉಡುಪಿನ ಉದ್ಯಮವನ್ನೇ ಬರ್ಲಿನ್ನಿಗೂ ವಿಯೆನ್ನಾಕ್ಕೂ ಎತ್ತಿಕೊಂಡು ಹೋಗುವ ಯೋಚನೆ ಅವರಿಗಿತ್ತು. ಉಡುಪಿನ ಮನೆಗಳ ಸಂಘದ ಅಧ್ಯಕ್ಷ ಲ್ಯೂಸಿಯಾಂ ಲೆಲಾಂಗ್ ಅದನ್ನು ತಡೆದದ್ದು ಒಂದೇ ವಾದದ ಮೇಲೆ: ಈ ಕಸುಬು ಒಬ್ಬ ವಿನ್ಯಾಸಕಾರನ ತಲೆಯಲ್ಲಿಲ್ಲ, ಕಸೂತಿಯವರು, ಗುಂಡಿ ಮಾಡುವವರು, ಗರಿ ಕಟ್ಟುವವರು, ಲೇಸಿನವರು ಎಲ್ಲ ಇದೇ ಊರಿನ ಗಲ್ಲಿಗಳಲ್ಲಿದ್ದಾರೆ, ಒಂದನ್ನು ಕಿತ್ತರೆ ಎಲ್ಲ ಸಾಯುತ್ತದೆ.

ಮನೆಗಳು ಉಳಿದವು, ಬಟ್ಟೆ ಉಳಿಯಲಿಲ್ಲ. 1941ರಿಂದ ಜನರಿಗೆ ಬಟ್ಟೆಯ ರೇಷನ್ ಕಾರ್ಡು ಬಂತು. ದೊಡ್ಡ ಮನೆಗಳಿಗೆ ಬೇರೆಯೇ ವಿನಾಯಿತಿ, ಅದರ ಜೊತೆಗೆ ಬೇರೆಯೇ ಕಟ್ಟಳೆ: ಒಂದು ಉಡುಪಿಗೆ ಇಷ್ಟೇ ಮೀಟರ್, ಒಂದು ಕಲೆಕ್ಷನ್‌ಗೆ (ಒಂದು ಋತುವಿಗೆಂದು ಒಟ್ಟಿಗೆ ತೋರಿಸುವ ಉಡುಪುಗಳಿಗೆ) ಇಷ್ಟೇ ಮಾದರಿ. ಬಟ್ಟೆ ನುಂಗುವ ನೆರಿಗೆಯೇ ಬಂಡವಾಳವಾದವರಿಗೆ ಇದು ಹೇಗೆ ಹೊಂದೀತು? ಹಸುಗೂಸನ್ನು ಕಟ್ಟಿಕೊಂಡು ದಕ್ಷಿಣ ಫ್ರಾನ್ಸಿಗೆ ಓಡಿಹೋಗಿದ್ದ ಗ್ರೆ ವಾಪಸಾಗಿ ಮನೆ ತೆರೆದ ಎರಡೇ ವರ್ಷಕ್ಕೆ, 1944ರ ಜನವರಿಯಲ್ಲಿ, ಜರ್ಮನ್ ಅಧಿಕಾರಿಗಳು ಬಾಗಿಲು ಮುಚ್ಚಿಸಿದರು. ಕಾಗದದ ಮೇಲಿನ ಕಾರಣ ಮೀಟರ್ ಮಿತಿ ಮೀರಿದ್ದು. ಬಾಲೆನ್ಸಿಯಾಗ ಮನೆಗೂ ಅದೇ ಗತಿಯಾಯಿತು. ಫ್ರೆಂಚ್ ಬಾವುಟದ ನೀಲಿ, ಬಿಳಿ, ಕೆಂಪಿನಲ್ಲಿ ಗ್ರೆ ಉಡುಪು ತೋರಿಸಿದ್ದೇ ನಿಜವಾದ ಕಾರಣ ಎಂಬ ಮಾತು ಆಗಿನಿಂದ ಇವತ್ತಿನವರೆಗೂ ಪ್ಯಾರಿಸ್ಸಿನಲ್ಲಿ ಹರಿದಾಡುತ್ತದೆ. ಹಳ್ಳಿಯಲ್ಲಿದ್ದಾಗ ಕೂದಲು ಕಟ್ಟುವವರು ಸಿಗದೆ ತಲೆಗೆ ಸುತ್ತಿಕೊಂಡ ಜರ್ಸಿ ಪೇಟವನ್ನು ಅವರು ಸಾಯುವವರೆಗೂ ಬಿಡಲಿಲ್ಲ. ಅವರ ಫೋಟೋಗಳನ್ನು ಗುರುತು ಹಿಡಿಯುವುದೇ ಅದರಿಂದ.

1944ರ ಆಗಸ್ಟ್‌ನಲ್ಲಿ ಊರು ಬಿಡುಗಡೆಯಾಯಿತು. ಬಟ್ಟೆ, ಕಲ್ಲಿದ್ದಲು, ಕರೆಂಟು ಮೂರೂ ಇಲ್ಲ. ಆ ಹೊತ್ತಿನಲ್ಲಿ ಹೊಳೆದ ಉಪಾಯ ಗೊಂಬೆ. ಇನ್ನೊಂದು ಉಡುಪಿನ ಮನೆಯ ಒಡತಿ ನಿನಾ ರಿಚ್ಚಿ ಅವರ ಮಗ ರೊಬೇರ್ ರಿಚ್ಚಿ ಮುಂದೆ ನಿಂತು, ತಂತಿಯಿಂದ ಕಟ್ಟಿದ ಸುಮಾರು 70 ಸೆಂ.ಮೀ. ಎತ್ತರದ ಗೊಂಬೆಗಳಿಗೆ ಪ್ಯಾರಿಸ್ಸಿನ ಮನೆಗಳೆಲ್ಲ ಉಡುಪು ಹೊಲಿದುಕೊಡುವಂತೆ ಮಾಡಿದರು. 1945ರ ಮಾರ್ಚ್‌ನಲ್ಲಿ ಲೂವ್ರ್ ಕಟ್ಟಡದ ಒಂದು ಭಾಗದಲ್ಲಿ ‘ತೆಯಾತ್ರ್ ದ ಲಾ ಮೋದ್’ ಎಂಬ ಪ್ರದರ್ಶನ ತೆರೆಯಿತು. ಗೊಂಬೆಯೆಂದು ಕೆಲಸದಲ್ಲಿ ಕಡಿಮೆ ಮಾಡಲಿಲ್ಲ: ಗುಂಡಿ ನಿಜವಾಗಿ ಹಾಕಬಹುದು ಬಿಚ್ಚಬಹುದು, ಕೈಚೀಲ ತೆರೆಯಬಹುದು. ಮನುಷ್ಯಳ ಎತ್ತರದ ಐದರಲ್ಲಿ ಎರಡು ಪಾಲು ಎಂದರೆ ಬಟ್ಟೆ ಸುಮಾರು ಆರರಲ್ಲಿ ಒಂದು ಪಾಲು ಸಾಕು. ಹೊಲಿಗೆ ಮಾತ್ರ ಅಷ್ಟೇ ಬೇಕು, ಸೂಜಿ ಇನ್ನೂ ಸಣ್ಣದು. ಕೈ ಇತ್ತು, ಬಟ್ಟೆ ಇರಲಿಲ್ಲ ಎಂಬ ಆ ವರ್ಷದ ಲೆಕ್ಕಕ್ಕೆ ಇದಕ್ಕಿಂತ ಸರಿಯಾದ ಉತ್ತರವಿರಲಿಲ್ಲ. 1946ರಲ್ಲಿ ಗೊಂಬೆಗಳು ನ್ಯೂಯಾರ್ಕಿಗೆ ಹೋದವು. ಅಮೆರಿಕದ ದೊಡ್ಡ ಅಂಗಡಿಗಳು ಮತ್ತೆ ಪ್ಯಾರಿಸ್ಸಿಗೆ ಬರಬೇಕಲ್ಲ, ಕರೆಯೋಲೆ ಅದೇ.

ಮನೆ ಎಂದರೆ ಯಾರು ಯಾರು

‘ಓತ್ ಕುತೂರ್’ (ಉನ್ನತ ಹೊಲಿಗೆ ಎಂದರ್ಥ) ಎಂಬ ಮಾತನ್ನು ಈಗ ಬೀದಿ ಕೊನೆಯ ಬೊಟೀಕ್‌ನವರೂ ಬೋರ್ಡಿನ ಮೇಲೆ ಬರೆಸುತ್ತಾರೆ. ಫ್ರಾನ್ಸಿನಲ್ಲಿ ಹಾಗೆ ಬರೆಸುವಂತಿಲ್ಲ. 1945ರ ಜನವರಿಯಿಂದ ಅದು ಕಾನೂನಿನ ರಕ್ಷಣೆಯಿರುವ ಹೆಸರು. ಸ್ವಂತ ಕಾರ್ಯಾಗಾರ ಇರಬೇಕು, ಅದರಲ್ಲಿ ಕನಿಷ್ಠ 20 ಜನ ಕೆಲಸದವರಿರಬೇಕು, ಗಿರಾಕಿಯ ಮೈಯಳತೆಗೇ ಹೊಲಿಯಬೇಕು, ವರ್ಷಕ್ಕೆ ಎರಡು ಸಲ ಹೊಸ ಕಲೆಕ್ಷನ್ ತೋರಿಸಬೇಕು. ಚಳಿಗಾಲದಲ್ಲಿ ಕೂತು ವಸಂತದ್ದು, ಬೇಸಿಗೆಯಲ್ಲಿ ಕೂತು ಚಳಿಗಾಲದ್ದು. ಪಟ್ಟಿಯನ್ನು ಕಾಲಕಾಲಕ್ಕೆ ಪರಿಶೀಲಿಸುತ್ತಾರೆ, ಒಮ್ಮೆ ಸೇರಿದವರು ಹೊರಬೀಳಲೂಬಹುದು.

ಒಳಗಿನ ವ್ಯವಸ್ಥೆ ನಮ್ಮ ಮದುವೆ ಮನೆಯ ಅಡುಗೆ ಭಟ್ಟರ ತಂಡದಂತೆ ಕಟ್ಟುನಿಟ್ಟು. ಕಾರ್ಯಾಗಾರ ಎರಡು ಬಗೆ. ಕೋಟು, ಸೂಟು ಹೊಲಿಯುವ ‘ತಯ್ಯರ್’. ಇಳಿಬೀಳುವ ಮೆದು ಉಡುಪು ಹೊಲಿಯುವ ‘ಫ್ಲೂ’. ಒಂದರವರು ಇನ್ನೊಂದರಲ್ಲಿ ಕೂರುವುದಿಲ್ಲ, ಕೈಯ ಪಾಠವೇ ಬೇರೆ. ಪ್ರತಿ ಕಾರ್ಯಾಗಾರಕ್ಕೂ ಒಬ್ಬ ಯಜಮಾನಿ, ‘ಪ್ರಿಮಿಯೆರ್’. ಅವಳ ಕೆಳಗೆ ‘ಸಗೊಂಡ್’. ಆಮೇಲೆ ಹೊಲಿಯುವ ಕೈಗಳು. ಇವರನ್ನು ಫ್ರೆಂಚಿನಲ್ಲಿ ‘ಪುಟ್ಟ ಕೈಗಳು’ ಎಂದೇ ಕರೆಯುತ್ತಾರೆ. ಎಲ್ಲಕ್ಕೂ ಕೆಳಗೆ ಕಲಿಯಲು ಬಂದ ಹುಡುಗಿ. ನೆಲದ ಮೇಲೆ ಬಿದ್ದ ಗುಂಡುಸೂಜಿಗಳನ್ನು ಅಯಸ್ಕಾಂತದಿಂದ ಆರಿಸುವುದರಿಂದ ಅವಳ ವಿದ್ಯಾಭ್ಯಾಸ ಶುರು.

ಇದು ಗಿರಾಕಿಗೆ ಕಾಣದ ಭಾಗ. ಕಾಣುವ ಭಾಗದಲ್ಲಿ ಉಡುಪು ತೊಟ್ಟು ತೋರಿಸುವ ಮಾನೆಕ್ವಿನ್ ಹುಡುಗಿಯರು, ಅವರಿಗೆ ಉಡಿಸುವವರು, ಮಾರುವ ಹೆಂಗಸರು. ಮಾರುವವಳಿಗೆ ಅವಳದೇ ಗಿರಾಕಿಗಳ ಪಟ್ಟಿ ಇರುತ್ತದೆ, ಮಾರಾಟದ ಮೇಲೆ ಕಮಿಷನ್ ಇರುತ್ತದೆ, ಹಾಗಾಗಿ ಜಗಳವೂ ಇರುತ್ತದೆ. ಇವರೆಲ್ಲರ ಮೇಲೆ ಸಲೋನ್, ಅಂದರೆ ಗಿರಾಕಿಗಳನ್ನು ಕೂರಿಸಿ ಉಡುಪು ತೋರಿಸುವ ಹಜಾರ, ಆಳುವವಳು ‘ದಿರೆಕ್ತ್ರೀಸ್’.

ಯುದ್ಧಾನಂತರದ ಪ್ಯಾರಿಸ್ಸಿನಲ್ಲಿ ಮನೆ ನಡೆಸಿದ ಹೆಂಗಸರಲ್ಲಿ ಎರಡು ಜಾತಿ ಎಂದು ಇಲ್ಲಿಂದಲೇ ಗೊತ್ತಾಗುತ್ತದೆ. ಮೊದಲನೆಯವರು ಬೇರೆಯವರ ಹೆಸರಿನ ಮನೆಯನ್ನು ನಡೆಸಿದವರು. 1947ರಲ್ಲಿ ಬಾಲ್ಮಾಂ ಮನೆಗೆ ದಿರೆಕ್ತ್ರೀಸ್ ಆಗಿ ಬಂದ ಜಿನೆಟ್ ಸ್ಪಾನಿಯೆ ಇಂಥವರು: ಲಂಡನ್ನಿನ ಫೋರ್ಟ್‌ನಮ್ ಅಂಡ್ ಮೇಸನ್ ಅಂಗಡಿಯಲ್ಲಿ ಮಾರಾಟ ಕಲಿತವರು, ಯಹೂದಿಯಾದ ವೈದ್ಯ ಗಂಡನ ಜೊತೆ ಯುದ್ಧಕಾಲವನ್ನೆಲ್ಲ ಫ್ರಾನ್ಸಿನಲ್ಲಿ ಅಡಗಿ ಕಳೆದವರು. ಡಿಯೋರ್ ಮನೆಯ ಸಲೋನನ್ನು ನೋಡಿಕೊಂಡವರು ಸುಜಾನ್ ಲುಲಿಂಗ್. ಇವರ ದಿನ ಹೀಗೆ: ಬೆಳಿಗ್ಗೆ ಗಿರಾಕಿಗಳ ಫಿಟ್ಟಿಂಗ್ ಪಟ್ಟಿ, ಬಾಕಿ ವಸೂಲಿ, ತಡವಾದ ಆರ್ಡರಿನ ಗಲಾಟೆ, ಮಧ್ಯಾಹ್ನ ಮೂರಕ್ಕೆ ಸಲೋನಿನಲ್ಲಿ ಪ್ರದರ್ಶನ, ಯಾರನ್ನು ಯಾರ ಪಕ್ಕ ಕೂರಿಸಬಾರದು ಎಂಬ ಜ್ಞಾನ. ಒಂದೇ ಊಟಕ್ಕೆ ಹೋಗುವ ಇಬ್ಬರಿಗೆ ಒಂದೇ ಉಡುಪು ಮಾರಿದರೆ ಇಬ್ಬರೂ ಹೋದರು. ಅದನ್ನು ತಡೆಯುವುದೇ ಅರ್ಧ ಕೆಲಸ.

ಎರಡನೆಯವರು ತಮ್ಮ ಹೆಸರಿನ ಮನೆಯನ್ನು ತಾವೇ ನಡೆಸಿದವರು. ನಿನಾ ರಿಚ್ಚಿ, 1945ರಲ್ಲಿ ಮನೆ ತೆರೆದ ಕಾರ್ವೆನ್, 1954ರಲ್ಲಿ ಬಾಗಿಲು ಹಾಕಿದ ಸ್ಕ್ಯಾಪರೆಲ್ಲಿ, ಅದೇ ವರ್ಷ ಬಾಗಿಲು ತೆರೆದ ಶನೆಲ್. ಗ್ರೆ ಈ ಸಾಲಿನವರು: ಮನೆಯೊಡತಿಯೂ ಅವರೇ, ಬಟ್ಟೆಗೆ ಕೈ ಹಾಕುವವರೂ ಅವರೇ. ಕಾಗದದ ಮೇಲೆ ಚಿತ್ರ ಬರೆಯುತ್ತಿರಲಿಲ್ಲ. ಬಟ್ಟೆಯ ತಾನನ್ನು ಹುಡುಗಿಯ ಮೈಮೇಲೆ ಹಾಕಿ, ಪಿನ್ನು ಚುಚ್ಚುತ್ತ, ಕತ್ತರಿಸುತ್ತ ಉಡುಪು ಕಂಡುಕೊಳ್ಳುವುದು ಅವರ ರೀತಿ. ತನಗೆ ಬಟ್ಟೆಯೂ ಒಂದೇ ಕಲ್ಲೂ ಒಂದೇ ಎನ್ನುತ್ತಿದ್ದರು.

ನೆರಿಗೆಯ ಒಳಗೆ

ಈಗ ಆ ನಲವತ್ತಕ್ಕೆ ಒಂದನ್ನು ಹತ್ತಿರದಿಂದ ನೋಡೋಣ.

ಮೊದಲು ಬಟ್ಟೆ. ಜರ್ಸಿ ನೇಯ್ದದ್ದಲ್ಲ, ಹೆಣೆದದ್ದು. ಹಾಸು ಹೊಕ್ಕು ಅಲ್ಲಿಲ್ಲ, ಕುಣಿಕೆಯೊಳಗೆ ಕುಣಿಕೆ. ಬನಿಯನ್ ಬಟ್ಟೆಯ ಜಾತಿಯೇ ಇದು, ದಾರ ಮಾತ್ರ ರೇಷ್ಮೆಯದು, ಎಳೆ ತೀರ ಸಣ್ಣದು. ಹೀಗಾಗಿ ಅದಕ್ಕೆ ಎರಡು ಗುಣ. ನೀರಿನಂತೆ ಕೆಳಗೆ ಬೀಳುತ್ತದೆ, ಮಡಚಿದರೆ ಬಟ್ಟೆ ಮುರಿದು ನಿಲ್ಲುವುದಿಲ್ಲ. ಎರಡನೆಯ ಗುಣವೇ ತೊಂದರೆ. ಹತ್ತಿ ಬಟ್ಟೆಗೆ ಇಸ್ತ್ರಿ ಒತ್ತಿ ನೆರಿಗೆ ಕೂರಿಸಬಹುದು. ಪಾಲಿಯೆಸ್ಟರ್‌ಗೆ ಬಿಸಿಯಲ್ಲಿ ಶಾಶ್ವತವಾಗಿ ಕೂರಿಸಬಹುದು, ಏಕೆಂದರೆ ಆ ಎಳೆ ಕಾವಿಗೆ ಮೆದುವಾಗಿ ಆರಿದಾಗ ಹಾಗೆಯೇ ನಿಲ್ಲುತ್ತದೆ. ರೇಷ್ಮೆ ಹಾಗೆ ಮಾಡುವುದಿಲ್ಲ. ರೇಷ್ಮೆ ಜರ್ಸಿಗೆ ಇಸ್ತ್ರಿಯಲ್ಲಿ ಹಿಡಿದ ನೆರಿಗೆ ಸಂಜೆಯ ಹೊತ್ತಿಗೆ ಮಾಯ. ಆದ್ದರಿಂದ ಹೊಲಿಗೆಯೇ ಗತಿ.

ಮೆಷಿನ್ ಹೊಲಿಗೆ ಏಕಾಗದು? ಮೆಷಿನ್ನಿನ ನೇರ ಹೊಲಿಗೆಗೆ ಹಿಗ್ಗು ಇಲ್ಲ, ಬಟ್ಟೆಗೆ ಇದೆ. ಉಟ್ಟವಳು ಉಸಿರೆಳೆದರೆ ಬಟ್ಟೆ ಹಿಗ್ಗುತ್ತದೆ, ದಾರ ಹಿಗ್ಗುವುದಿಲ್ಲ. ಒಂದೋ ದಾರ ಪಟ್ಟೆಂದು ಹರಿಯುತ್ತದೆ, ಇಲ್ಲ ಬಟ್ಟೆ ಸುಕ್ಕುಗಟ್ಟುತ್ತದೆ. ಕೈ ಹೊಲಿಗೆಯಲ್ಲಿ ಪ್ರತಿ ಟಾಕಿಗೂ ಕೂದಲಷ್ಟು ಸಡಿಲ ಬಿಡಬಹುದು.

ಕೆಲಸ ಸಾಗುವುದು ಹೀಗೆ. ಬಟ್ಟೆಯನ್ನು ಸೊಂಟದಲ್ಲಿ ಕತ್ತರಿಸುವುದಿಲ್ಲ. ಮೇಲಿನಿಂದ ಕೆಳಗಿನವರೆಗೆ ಒಂದೇ ತುಂಡು, ಅಗಲಕ್ಕೆ ಅಗಲ ಪೂರ್ತಿ. ನೆರಿಗೆ ಹಿಡಿಯುವುದು ಉದ್ದುದ್ದ, ಹೆಣಿಗೆಯ ಕುಣಿಕೆಗಳು ಒಂದರ ಕೆಳಗೊಂದು ಕಂಬದಂತೆ ನಿಂತ ಸಾಲನ್ನೇ ಹಿಡಿದು. ಬೆರಳ ತುದಿಯಲ್ಲಿ ಒಂದು ಮಡಿಕೆ ಎತ್ತಿ, ಪಿನ್ನು, ಮುಂದಿನದು, ಪಿನ್ನು. ಎದುರಿಗೆ ಕಾಣುವುದು ಮಡಿಕೆಯ ಬೆನ್ನು ಮಾತ್ರ, ಅದೂ ದಾರದಷ್ಟೇ ದಪ್ಪ. ಎದುರಿಗೆ 2 ಮಿ.ಮೀ. ಕಾಣಲಿ ಎಂದುಕೊಂಡರೆ 7 ಸೆಂ.ಮೀ.ಗೆ 35 ನೆರಿಗೆ. 280ನ್ನು 35ರಿಂದ ಭಾಗಿಸಿದರೆ ಒಂದೊಂದು ನೆರಿಗೆಯ ಪಾಲಿಗೆ 8 ಸೆಂ.ಮೀ. ಬಟ್ಟೆ. ಅಂದರೆ ಕಣ್ಣಿಗೆ ಬೀಳುವ 2 ಮಿ.ಮೀ. ಹಿಂದೆ ಹೋಗಿಬರುವ 78 ಮಿ.ಮೀ. ಅಡಗಿದೆ. ಮಡಿಕೆಗಳನ್ನು ಸೀರೆಯ ನೆರಿಗೆಯಂತೆ ಒಂದರ ಮೇಲೊಂದು ಮಲಗಿಸಿದರೆ ಹಾಸಿಗೆಯಷ್ಟು ದಪ್ಪವಾದೀತು. ಹಾಗಾಗಿ ಪುಸ್ತಕದ ಹಾಳೆಗಳಂತೆ ನಿಲ್ಲಿಸುತ್ತಾರೆ. ಹಿಂದಿನಿಂದ, ಒಳಬದಿಯ ಮಡಿಕೆಯನ್ನಷ್ಟೇ ಹಿಡಿದು ಟಾಕು ಹಾಕುತ್ತಾರೆ. ಸ್ವಲ್ಪ ಕೆಳಗೆ ಇನ್ನೊಂದು ಸಾಲು ಟಾಕು, ಅದರ ಕೆಳಗೆ ಮತ್ತೊಂದು. ಎಲ್ಲಿ ಟಾಕು ನಿಲ್ಲುತ್ತದೋ ಅಲ್ಲಿಂದ ಕೆಳಗೆ ಆ 280 ಸೆಂ.ಮೀ. ಬಿಡುಗಡೆಯಾಗಿ ಲಂಗವಾಗಿ ಇಳಿಯುತ್ತದೆ. ಎದೆಯ ಮೇಲಿನ ಗೆರೆಯೂ ಪಾದದ ಬಳಿಯ ಅಲೆಯೂ ಒಂದೇ ಎಳೆಯ ಎರಡು ತುದಿ. ಮೇಲೆ ಕುಪ್ಪಸ ಕೆಳಗೆ ಲಂಗ ಎಂದು ಹೊಲಿದು ಜೋಡಿಸಿದ ಉಡುಪಿನಲ್ಲಿ ಈ ಗುಣ ಬರುವುದಿಲ್ಲ.

ಕೆಡುವುದು ಹಲವು ರೀತಿ. ಒಂದು ನೆರಿಗೆಯಲ್ಲಿ 1 ಮಿ.ಮೀ. ಹೆಚ್ಚು ಹಿಡಿದರೆ ಕಾಣದು. ಅದೇ ತಪ್ಪು 35 ಸಲ ಆದರೆ ಮೂರೂವರೆ ಸೆಂ.ಮೀ. ವ್ಯತ್ಯಾಸ, ಎಡ ಎದೆ ಒಂದು ಕಡೆ ಬಲ ಎದೆ ಒಂದು ಕಡೆ. ಕಂಬಸಾಲು ಬಿಟ್ಟು ಪಕ್ಕದ ಸಾಲಿಗೆ ಜಾರಿದರೆ ನೆರಿಗೆ ಕೆಳಗೆ ಬರುಬರುತ್ತ ತಿರುಚಿಕೊಳ್ಳುತ್ತದೆ, ಅದನ್ನು ಸರಿಮಾಡಲು ಬಿಚ್ಚುವುದೊಂದೇ ದಾರಿ. ಸೂಜಿಯ ಮೊನೆ ಬಟ್ಟೆಯ ಎಳೆಯನ್ನೇ ಸೀಳಿದರೆ ಕುಣಿಕೆ ಹರಿದು, ಕಾಲುಚೀಲ ಹರಿದಂತೆ ಏಣಿಯಾಗಿ ಕೆಳಗಿಳಿಯುತ್ತದೆ. ಬೆವರುವ ಕೈಗೆ ತಿಳಿಬಣ್ಣದ ಜರ್ಸಿ ಕೊಡಬಾರದು. ಎಲ್ಲಕ್ಕಿಂತ ಕಷ್ಟದ್ದು ಬಿಗಿ: ಇಬ್ಬರು ಹೊಲಿದರೆ ಇಬ್ಬರ ದಾರದ ಬಿಗಿ ಬೇರೆ, ನಡುವೆ ಗಡಿ ಕಂಡುಬಿಡುತ್ತದೆ. ಒಂದು ಉಡುಪನ್ನು ಆದಷ್ಟೂ ಒಂದೇ ಕೈ ಮುಗಿಸಬೇಕು. 300 ಗಂಟೆಯನ್ನು ಹತ್ತು ಜನಕ್ಕೆ ಹಂಚಿ 30 ಗಂಟೆಗೆ ಮುಗಿಸುತ್ತೇವೆ ಎನ್ನುವಂತಿಲ್ಲ.

ಕೊನೆಗೆ ಅಂಚು. ಜರ್ಸಿ ತನ್ನ ಭಾರಕ್ಕೆ ತಾನೇ ಉದ್ದವಾಗುತ್ತದೆ. ಹೊಲಿದ ದಿನವೇ ಅಂಚು ಮಡಚಿದರೆ ವಾರದಲ್ಲಿ ಅಲ್ಲಲ್ಲಿ ಇಳಿಬಿದ್ದು ಸೊಟ್ಟಗಾಗುತ್ತದೆ. ತೂಗುಹಾಕಿ, ಇಳಿಯುವಷ್ಟು ಇಳಿಯಲು ಬಿಟ್ಟು, ಆಮೇಲೆ ನೆಲದಿಂದ ಅಳೆದು ಗುರುತು ಹಾಕಬೇಕು.

ಇಷ್ಟು ಭಾರ ಹೊತ್ತು ಭುಜವಿಲ್ಲದ ಉಡುಪು ಕೆಳಗೆ ಜಾರದೆ ನಿಲ್ಲುವುದು ಹೇಗೆ? 1930ರ ದಶಕದ ಅಲಿಕ್ಸ್ ಉಡುಪುಗಳು ಮೈಮೇಲೇ ನೇರವಾಗಿ ಇಳಿಯುತ್ತಿದ್ದವು. ಯುದ್ಧದ ಮೇಲೆ ಗ್ರೆ ಒಳಗೊಂದು ಗಟ್ಟಿ ಕುಪ್ಪಸ ಕಟ್ಟತೊಡಗಿದರು, ತೆಳು ಕಡ್ಡಿಗಳನ್ನು ಒಳಗಿಟ್ಟು ಗಡುಸಾದದ್ದು; ನೆರಿಗೆಗಳನ್ನು ಅದರ ಮೇಲೆ ಕೂರಿಸಿದರು. ಭಾರವೆಲ್ಲ ಸೊಂಟ, ಪಕ್ಕೆಗಳ ಮೇಲೆ ಬೀಳುತ್ತದೆ, ಹೊರಗೆ ನೋಡಿದವರಿಗೆ ಗಾಳಿಗೆ ಹಾಕಿದಂತೆ ಕಾಣುತ್ತದೆ. 1947ರ ಫೆಬ್ರವರಿಯಲ್ಲಿ ಡಿಯೋರ್ ಕಟ್ಟಿದ ಸೊಂಟ, ಅಗಲ ಲಂಗದ ಉಡುಪು ತೋರಿಸಿದ ಮೇಲೆ ಎಲ್ಲರಿಗೂ ಸಣ್ಣ ಸೊಂಟವೇ ಬೇಕಾಯಿತು. ಗ್ರೆ ಅದನ್ನು ಹೊರಗೆ ತೋರಿಸದೆ ಒಳಗಿಟ್ಟುಕೊಂಡರು. ಕಾಲಕ್ಕೆ ಒಪ್ಪಿಯೂ ಒಪ್ಪದ ಹಾಗೆ ಇರುವ ಜಾಣತನ ಅದು.

ನಕಲಾಗದ ಉಡುಪಿನ ಲೆಕ್ಕ

ಇಂಥ ಮನೆಗೆ ದುಡ್ಡು ಎಲ್ಲಿಂದ? ಶ್ರೀಮಂತ ಹೆಂಗಸರು ಹೊಲಿಸಿಕೊಳ್ಳುವುದರಿಂದ ಎಂದು ಜನ ತಿಳಿಯುತ್ತಾರೆ. ಅದು ಒಂದು ಭಾಗ ಮಾತ್ರ, ಅದರಲ್ಲೂ ಮೂರು ಮೂರು ಫಿಟ್ಟಿಂಗ್, ತಡವಾಗಿ ಬರುವ ಹಣ. ಯುದ್ಧಾನಂತರ ಮುಖ್ಯ ಗಿರಾಕಿ ಅಮೆರಿಕದ ಡಿಪಾರ್ಟ್‌ಮೆಂಟ್ ಸ್ಟೋರ್. ಅದರ ಖರೀದಿದಾರ ಪ್ರದರ್ಶನಕ್ಕೆ ಬರಲು ಮೊದಲೇ ಮುಂಗಡ ಕಟ್ಟಬೇಕು; ಏನೂ ಕೊಳ್ಳದೆ ಎದ್ದುಹೋದರೆ ಆ ಹಣ ಮನೆಗೇ. ಕೊಂಡರೆ ಉಡುಪನ್ನೋ, ತ್ವಾಲನ್ನೋ, ಕಾಗದದ ಪ್ಯಾಟರ್ನನ್ನೋ ನಕಲು ಮಾಡುವ ಹಕ್ಕಿನ ಜೊತೆ ಕೊಳ್ಳುತ್ತಾನೆ. ಊರಿಗೆ ಹೋಗಿ ನೂರಾರು ಪ್ರತಿ ಹೊಲಿಸಿ ಮಾರುತ್ತಾನೆ. ಕದ್ದು ನೋಡಿ ಚಿತ್ರ ಬರೆದುಕೊಳ್ಳುವವರ ಕಾಟ ಎಲ್ಲ ಮನೆಗಳಿಗೂ ಇತ್ತು.

ಗ್ರೆ ನೆರಿಗೆಯನ್ನು ಕದ್ದು ಮಾಡುವುದು ಯಾರಿಂದಲೂ ಆಗುವಂತಿರಲಿಲ್ಲ. ಖುಷಿಪಡುವ ಮೊದಲು ಇನ್ನೊಂದು ಮಗ್ಗುಲನ್ನೂ ನೋಡಬೇಕು: ಕದಿಯಲಾಗದ್ದನ್ನು ನಕಲಿಗೆಂದು ಮಾರಲೂ ಆಗದು. ಸೂಟಿನ ತ್ವಾಲ್ ಕೊಟ್ಟರೆ ಚಿಕಾಗೋದ ಕಾರ್ಖಾನೆ ಹೊಲಿಯುತ್ತದೆ. 300 ಗಂಟೆಯ ನೆರಿಗೆಯ ತ್ವಾಲ್ ಕೊಟ್ಟರೆ ಏನು ಮಾಡುತ್ತದೆ? ಅವರು ಕೋಟು, ಸೂಟು, ಕತ್ತರಿ ಕಡಿಮೆ ತಾಗುವ ಸರಳ ಮೇಲಂಗಿಗಳನ್ನೂ ಮಾಡುತ್ತಿದ್ದರು, ಅವು ಬಹಳ ಚೆನ್ನಾಗಿಯೂ ಇದ್ದವು. ಆದರೆ ಮನೆಯ ಹೆಸರು ನಿಂತದ್ದು ಮಾರಿ ಲಾಭ ಮಾಡಲಾಗದ ಆ ಒಂದು ಉಡುಪಿನ ಮೇಲೆ.

ಹಾಗಾಗಿ ಸೀಸೆ ಬೇಕಾಯಿತು. ಉಡುಪು ಹೆಸರು ತರುತ್ತದೆ, ಸೆಂಟು ಸಂಬಳ ಕೊಡುತ್ತದೆ ಎಂಬುದು ಪ್ಯಾರಿಸ್ಸಿನಲ್ಲಿ ಆಗಲೇ ಎಲ್ಲರಿಗೂ ತಿಳಿದ ವಿಷಯ. 1939ರಲ್ಲಿ ಉಡುಪಿನ ಮನೆ ಮುಚ್ಚಿ, ಯುದ್ಧಕಾಲವನ್ನು ಜರ್ಮನ್ ಅಧಿಕಾರಿಯ ಸಂಗಡ ರಿಟ್ಜ್ ಹೋಟೆಲಿನಲ್ಲಿ ಕಳೆದ ಶನೆಲ್, 1954ರ ಫೆಬ್ರವರಿ 5ರಂದು 70ನೇ ವಯಸ್ಸಿನಲ್ಲಿ ಮನೆ ಮತ್ತೆ ತೆರೆದರಲ್ಲ, ಅದರ ಖರ್ಚು ಹೊತ್ತವರು ಅವರ ಸೆಂಟಿನ ಪಾಲುದಾರರು ವೆರ್ತೈಮರ್. 1921ರ ಒಂದು ಸೀಸೆ ಮೂರು ದಶಕದ ನಂತರದ ಸೂಟುಗಳಿಗೆ ದುಡ್ಡು ಕೊಟ್ಟಿತು.

1958ರಲ್ಲಿ ಫೋರ್ಡ್ ಫೌಂಡೇಷನ್ನಿನ ಆಹ್ವಾನದ ಮೇಲೆ ಗ್ರೆ ನೇಯ್ಗೆಯ ಕೆಲಸ ನೋಡಲು ಭಾರತಕ್ಕೆ ಬಂದರು. ಕತ್ತರಿ ತಾಗದ ಐದೂವರೆ ಮೀಟರ್ ಬಟ್ಟೆಯನ್ನು ಬರಿ ಕೈಯಲ್ಲಿ ಉಡುವ ಹೆಂಗಸರ ನಡುವೆ ಅವರಿಗೆ ಏನನ್ನಿಸಿರಬಹುದು ಎಂದು ಊಹಿಸುವ ಆಸೆಯಾಗುತ್ತದೆ, ಆದರೆ ಅವರು ಮಾತು ಕಡಿಮೆಯ ಹೆಂಗಸು. ವಾಪಸು ಹೋದ ಮೇಲೆ 1959ರಲ್ಲಿ ಬಂದದ್ದು ‘ಕಬೊಶಾರ್’ ಎಂಬ ಸೆಂಟು. ಆ ಮಾತಿಗೆ ಹಟಮಾರಿ ಎಂದರ್ಥ. ಕಲಸಿದವರು ಬೆರ್ನಾರ್ ಶಾಂ. ತೊಗಲು, ಪಾಚಿಯ ಒಣ ವಾಸನೆ, ಆ ಕಾಲದ ಹೂವಿನ ಸೆಂಟುಗಳ ನಡುವೆ ನಿಜಕ್ಕೂ ಹಟಮಾರಿಯೇ. ಚೆನ್ನಾಗಿ ಓಡಿತು. ನೆರಿಗೆಯ 300 ಗಂಟೆಗೆ ಈ ಸೀಸೆಯೇ ಅನ್ನ ಹಾಕಿತು ಎನ್ನಬಹುದು.

ಹೆಸರು ಮಾರಾಟವಾದ ಮೇಲೆ

ಯುದ್ಧ ಮುಗಿದಾಗ ಪ್ಯಾರಿಸ್ಸಿನಲ್ಲಿ ನೂರು ದಾಟಿದ್ದ ಓತ್ ಕುತೂರ್ ಮನೆಗಳು 1970ರ ದಶಕಕ್ಕೆ ಇಪ್ಪತ್ತರ ಆಸುಪಾಸಿಗೆ ಇಳಿದವು. ಕೆಲಸದವರ ಸಂಬಳ ಏರಿತು, ಗಿರಾಕಿಗಳು ಕಡಿಮೆಯಾದರು, ಅಂಗಡಿಯಲ್ಲಿ ಸಿದ್ಧ ಉಡುಪು ಚೆನ್ನಾಗಿಯೇ ಸಿಗತೊಡಗಿತು. ಉಳಿದವರು ಉಳಿದದ್ದು ಎರಡು ದಾರಿಯಲ್ಲಿ: ಸಿದ್ಧ ಉಡುಪು ಹೊಲಿಸಿದರು, ಇಲ್ಲವೇ ಹೆಸರನ್ನು ಬಾಡಿಗೆಗೆ ಕೊಟ್ಟರು. ಡಿಯೋರ್ ಮನೆ 1940ರ ದಶಕದ ಕೊನೆಗೇ ಕಾಲುಚೀಲಕ್ಕೂ ಹೆಸರು ಕೊಟ್ಟಾಗಿತ್ತು. ಗ್ರೆ ಸಿದ್ಧ ಉಡುಪಿಗೆ ಒಪ್ಪಿದ್ದು 1980ರ ಹೊತ್ತಿಗೆ, ಎಲ್ಲರಿಗಿಂತ ಕೊನೆಗೆ. ಅಷ್ಟರಲ್ಲಿ ಮಾನ ಸಮ್ಮಾನಗಳೆಲ್ಲ ಬಂದಿದ್ದವು: ಉಡುಪಿನ ಮನೆಗಳ ಸಂಘದ ಅಧ್ಯಕ್ಷತೆ, 1976ರಲ್ಲಿ ಮೊಟ್ಟಮೊದಲ ಚಿನ್ನದ ಅಂಗುಷ್ಠಾನ ಪ್ರಶಸ್ತಿ. (ಅಂಗುಷ್ಠಾನ ಎಂದರೆ ಹೊಲಿಯುವಾಗ ಬೆರಳಿಗೆ ಹಾಕುವ ಟೋಪಿ.) ಹಣ ಬಂದಿರಲಿಲ್ಲ.

ಸೆಂಟಿನ ವ್ಯವಹಾರವನ್ನು ಮಾರಿ ಆ ಹಣವನ್ನು ಉಡುಪಿಗೆ ಹಾಕಿದರು. ಇದೇ ದೊಡ್ಡ ತಪ್ಪು. ಹಾಲು ಕೊಡುವ ಹಸುವನ್ನು ಮಾರಿ ಕೊಟ್ಟಿಗೆ ರಿಪೇರಿ ಮಾಡಿಸಿದಂತೆ. 1984ರಲ್ಲಿ ಉಡುಪಿನ ಮನೆಯೂ ಬೆರ್ನಾರ್ ತಾಪಿ ಎಂಬ ಉದ್ಯಮಿಯ ಕೈಗೆ ಹೋಯಿತು, ಅಲ್ಲಿಂದ ಬೇರೊಂದು ಕಂಪನಿಗೆ. 1987ರಲ್ಲಿ ಬಾಡಿಗೆ ಬಾಕಿಗೆ ರೂ ದ ಲಾ ಪೇಯ ಮನೆ ಖಾಲಿ ಮಾಡಿಸಿದರು. ಮರದ ಬೊಂಬೆಗಳನ್ನು ಒಡೆದರು, ಬಟ್ಟೆ ಉಡುಪುಗಳನ್ನು ಕಸದ ಚೀಲಗಳಿಗೆ ತುಂಬಿದರು. ತಾವೇ ಅಧ್ಯಕ್ಷೆಯಾಗಿದ್ದ ಸಂಘ ವಂತಿಗೆ ಕಟ್ಟಲಿಲ್ಲವೆಂದು ಮನೆಯನ್ನು ಪಟ್ಟಿಯಿಂದ ತೆಗೆಯಿತು. 1988ರಲ್ಲಿ ಯಾಗಿ ತ್ಸುಶೋ ಎಂಬ ಜಪಾನಿ ಕಂಪನಿ ಹೆಸರನ್ನು ಕೊಂಡಿತು.

ಕೊಂಡವರನ್ನು ಬೈಯುವುದು ಸುಲಭ. ಆದರೆ ಕೊಂಡವರಿಗೆ ಸಿಕ್ಕಿದ್ದಾದರೂ ಏನು? ಒಂದು ಹೆಸರು.  ಇಂಥವಳು ನನ್ನ ನಂತರ ಎಂದು ಹೇಳಿ ಬೆಳೆಸಿದ ಶಿಷ್ಯೆ ಇರಲಿಲ್ಲ. ಡಿಯೋರ್ 1957ರಲ್ಲಿ ಸತ್ತಾಗ 21 ವರ್ಷದ ಸಹಾಯಕ ಈವ್ ಸಾಂ ಲೊರಾಂ ಮರುವರ್ಷವೇ ಕಲೆಕ್ಷನ್ ತೋರಿಸಿದ, ಏಕೆಂದರೆ ಅಲ್ಲಿ ಮನೆ ಮನೆಯಾಗಿ ನಡೆಯುತ್ತಿತ್ತು. ಇಲ್ಲಿ ಮನೆ ಎಂದರೆ ಎರಡು ಕೈ.

ಆ ಹೆಂಗಸು 1993ರ ನವೆಂಬರ್ 24ರಂದು ದಕ್ಷಿಣ ಫ್ರಾನ್ಸಿನ ವೃದ್ಧಾಶ್ರಮದಲ್ಲಿ ತೀರಿಕೊಂಡರು. ಮಗಳು ಯಾರಿಗೂ ಹೇಳಲಿಲ್ಲ. 1994ರ ಶರತ್ಕಾಲದಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಗ್ರೆ ಉಡುಪುಗಳ ದೊಡ್ಡ ಪ್ರದರ್ಶನ ಮಾಡಿದಾಗ ಅವರು ಬದುಕಿದ್ದಾರೆಂದೇ ಎಲ್ಲರೂ ನಂಬಿದ್ದರು. ಡಿಸೆಂಬರಿನಲ್ಲಿ ಲ ಮೋಂದ್ ಪತ್ರಿಕೆ ಸುದ್ದಿ ಹೊರಹಾಕಿತು. 2011ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಉಡುಪುಗಳನ್ನು ಮತ್ತೆ ತೋರಿಸಿದ್ದು ಶಿಲ್ಪಿ ಬೂರ್ದೆಲ್ ಹೆಸರಿನ ಮ್ಯೂಸಿಯಮ್ಮಿನಲ್ಲಿ, ಕಲ್ಲು, ಕಂಚಿನ ವಿಗ್ರಹಗಳ ನಡುವೆ.

ಪ್ರದರ್ಶನವಿಲ್ಲದ ದಿನಗಳಲ್ಲಿ ಇಂಥ ಉಡುಪುಗಳನ್ನು ತೂಗುಹಾಕುವುದಿಲ್ಲ. ಜರ್ಸಿ ಈಗಲೂ ಇಳಿಯುತ್ತಲೇ ಇರುತ್ತದೆ. ಹ್ಯಾಂಗರಿಗೆ ಹಾಕಿದರೆ ಲಂಗದ ಭಾರವೆಲ್ಲ ಎದೆಯ ಟಾಕುಗಳ ಮೇಲೆ ಬಿದ್ದು ವರ್ಷಗಳಲ್ಲಿ ಒಂದೊಂದೇ ಬಿಟ್ಟುಕೊಳ್ಳುತ್ತವೆ. ಉದ್ದನೆಯ ಡ್ರಾಯರಿನಲ್ಲಿ, ಆಮ್ಲವಿಲ್ಲದ ತೆಳು ಕಾಗದವನ್ನು ಉಂಡೆ ಮಾಡಿ ಒಳಗೆ ತುಂಬಿ, ಅಂಗಾತ ಮಲಗಿಸಿಡಬೇಕು.